ಉಡಿ ತುಂಬಿದ ಸೋಮವಾರ

ತನ್ನ ಮನೆಯಲ್ಲಿ ಉಂಡವನು ತನಗೆ ಕೆಟ್ಟದ್ದು ಮಾಡಲಾರ ಎಂದು ತಿಕೋಟಾದ ಸಂಗನಬಸವಪ್ಪ ನಂಬಿದ್ದ. ಊರಲ್ಲಿ ಬೇರೆ ಯಾರೂ ಇದನ್ನು ನಂಬಿರಲಿಲ್ಲ. ಅವನದು ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರ. ಅವನ ಹೋಳಿಗೆ ಉಂಡು, ತುಪ್ಪದ ಕೈಯನ್ನು ಅವನ ಟಾವೆಲ್ಲಿಗೇ ಒರೆಸಿ, ತೂಕದಲ್ಲಿ ಅವನಿಗೇ ಟೋಪಿ ಹಾಕಿ ಹೋದವರು ಸಾಂಗ್ಲಿಯ ತನಕ ಇದ್ದಾರೆ. ಅಂಥವರು ಮತ್ತೆ ಬಂದರೂ ಅವನು ತಾಟು ಹಾಕಿಸುತ್ತಿದ್ದ. ಉಂಡ ಮನೆಗೆ ಎರಡು ಬಗೆಯುತ್ತಾರೇನು ಎಂಬುದು ಅವನ ಪಂಚಾಕ್ಷರಿ ಮಂತ್ರವಾಗಿತ್ತು. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಈ ಓಣಿಯವನೇ, ನಾನು ಹೇಳುವುದಿಲ್ಲ.

ಅವನ ಮಗಳು ನಂದಾ ಯುಗಾದಿ ಮುಗಿದ ಮರುದಿನ ವಿಜಯಪುರದ ಬಸ್ಸಿನಿಂದ ಒಂದು ಚೀಲ ಹಿಡಿದುಕೊಂಡು ಒಬ್ಬಳೇ ಇಳಿದಳು. ಗಂಡ ಸಿದ್ದಲಿಂಗೇಶ ಬಬಲೇಶ್ವರದವನು. ಕಾಲೇಜೊಂದರಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತ ಗೋಳಗುಮ್ಮಟದ ಹತ್ತಿರ ಮಾಳಿಗೆಯ ಮೇಲೆ ಬಾಡಿಗೆ ಮನೆ ಹಿಡಿದಿದ್ದ. ಎಲ್ಲ ಧರ್ಮಗಳನ್ನೂ ಓದಿಕೊಂಡವನು, ಭಾಷಣಕ್ಕೆ ಕರೆದಲ್ಲಿ ಹೋಗುವವನು. ಬಿಳಿ ಅಂಗಿ, ಮೆತ್ತನೆಯ ಮಾತು. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಅದನ್ನು ಅವನೇ ಹೇಳಿಕೊಳ್ಳುತ್ತಿದ್ದ.

ಅವನು ಮಾಡುತ್ತಿದ್ದದ್ದು ಇಷ್ಟೇ. ಸಾರಿಗೆ ಉಪ್ಪು ಹೆಚ್ಚಾದರೆ, ಮಾತಿಗೆ ಮಾತು ಬಂದರೆ, ಬಾಗಿಲು ತೆರೆದು ಹೊರಗೆ ನಿಲ್ಲು, ಕಾಯುವುದನ್ನು ಕಲಿ ಎಂದು ಹೇಳಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ. ಅವನ ಬರವಣಿಗೆ ಚೆನ್ನಾಗಿ ಸಾಗಿದರೆ ಬಾಗಿಲು ಬೇಗ ತೆರೆಯುತ್ತಿತ್ತು. ಸಾಗದಿದ್ದರೆ ಇಲ್ಲ. ಮೆಟ್ಟಿಲ ಕೊನೆಯಲ್ಲಿ ನಿಂತವಳನ್ನು ಕಂಡು ಮನೆ ಮಾಲೀಕರ ಹೆಂಡತಿ ಗಾಳಿಗೆ ನಿಂತೀರೇನ್ರಿ ಎಂದು ಕೇಳಿದರೆ ನಂದಾ ಹೌದೆನ್ನುತ್ತಿದ್ದಳು. ಹೋದ ವರ್ಷದ ಆಷಾಢದಲ್ಲಿ ಅವಳು ಬಸುರಿ. ಮಳೆ ಹನಿಯುತ್ತಿತ್ತು. ನಿಂತಲ್ಲೇ ಅವಳಿಗೆ ರಕ್ತ ಹೋಗಲು ಶುರುವಾಯಿತು. ಬಾಗಿಲು ಬಡಿದಳು. ಅವನು ಬರೆಯುತ್ತಿದ್ದ ಪುಟ ಮುಗಿಸಿ ತೆರೆದ. ಮಗು ಹೋಯಿತು. ಬಬಲೇಶ್ವರಕ್ಕೆ ಹೋಗಿ ಅತ್ತೆಯ ಮುಂದೆ ಹೇಳಿಕೊಂಡರೆ, ಹೊಡೆದಿಲ್ಲವಲ್ಲ, ಮತ್ತೇನು ನಿನ್ನ ಗೋಳು ಎಂದು ಅತ್ತೆ ಕೇಳಿದಳು.

ಅದಾದ ಮೇಲೂ ನಂದಾ ಅಲ್ಲೇ ಇದ್ದಳು. ಹೆಣ್ಣುಮಕ್ಕಳಿಗೆ ನಾವು ಅಷ್ಟು ತಾಳ್ಮೆ ಕಲಿಸಿ ಕಳಿಸುತ್ತೇವೆ. ಮತ್ತೆ ಮುಟ್ಟು ನಿಂತಾಗ ಮಾತ್ರ ಹೆದರಿದಳು. ಈ ಸಲ ಮೆಟ್ಟಿಲ ಮೇಲೆ ನಿಲ್ಲಲಾರೆ ಎನಿಸಿ ತವರಿನ ಬಸ್ಸು ಹತ್ತಿದಳು. ಬಸುರಿನ ಸುದ್ದಿಯನ್ನು ತಾಯಿ ರುದ್ರವ್ವನ ಹೊರತು ಯಾರಿಗೂ ಹೇಳಲಿಲ್ಲ. ಗಂಡನ ಕಿವಿಗೆ ಬಿದ್ದರೆ ಅಂದೇ ಬಂದು ಎಳೆದುಕೊಂಡು ಹೋಗುತ್ತಾನೆ ಎಂಬ ಭಯ. ಮೆಟ್ಟಿಲ ಕಥೆಯನ್ನು ಮಾತ್ರ ರುದ್ರವ್ವ ಗಂಡನಿಗೆ ಹೇಳಿದಳು. ಸಂಗನಬಸವಪ್ಪ, ಅಳಿಯ ಬರಲಿ, ಉಣಿಸಿ ಸರಿ ಮಾಡೋಣ ಎಂದ.

ಅಳಿಯ ಬಂದದ್ದು ಬೇಸಿಗೆ ಏರಿದ ಮೇಲೆ, ಒಂದು ಶುಕ್ರವಾರ. ಹೆಂಡತಿಯನ್ನು ಕರೆದೊಯ್ಯಲು ಬಂದೆ ಎಂದ. ಮುಂದಿನ ವಾರ ವಿಜಯಪುರದಲ್ಲಿ ಅವನ ದೊಡ್ಡ ಉಪನ್ಯಾಸವಿತ್ತು. ಯೆಹೂದ್ಯರ ಹಳೆಯ ಧರ್ಮಗ್ರಂಥದಲ್ಲಿ ಹೊಸ್ತಿಲಲ್ಲಿ ಕಾಯುವುದರ ಆಧ್ಯಾತ್ಮಿಕ ಅರ್ಥ ಎಂಬುದು ವಿಷಯ. ಅಂಥ ಸಭೆಯಲ್ಲಿ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿರದಿದ್ದರೆ ಜನ ಏನೆಂದಾರು. ಸಂಗನಬಸವಪ್ಪ ಸಂತೋಷದಿಂದ ಕರದಂಟು ತರಿಸಿದ. ಶುಕ್ರವಾರ ಮಗಳನ್ನು ಕಳಿಸಬಾರದು, ನಾಳೆ ಹೋಗಿರಿ ಎಂದ. ಶನಿವಾರ, ಎಣ್ಣೆಗಾಯಿಯ ರುಚಿ ನೋಡದೆ ಹೋಗುವಿರೇನು ಎಂದ. ರವಿವಾರ ಬಿಜ್ಜರಗಿಯಿಂದ ಕೆನೆ ಮೊಸರು ಬಂದಿತ್ತು. ಒಂದೊಂದು ಊಟವೂ ಅಳಿಯನ ಕಾಲಿಗೆ ಕಟ್ಟಿದ ಒಂದೊಂದು ಹಗ್ಗ ಎಂದು ಅವನು ತಿಳಿದಿದ್ದ. ಹಗ್ಗ ಯಾರ ಕುತ್ತಿಗೆಗೆ ಬೀಳುತ್ತಿತ್ತು ಎಂದು ನೋಡಲಿಲ್ಲ.

ಊಟದ ಜೊತೆ ಅಳಿಯನ ಮಾತೂ ಇರುತ್ತಿತ್ತು. ಯೆಹೂದ್ಯರ ಭಕ್ತನೊಬ್ಬ, ದುಷ್ಟರ ಡೇರೆಯಲ್ಲಿ ಸುಖವಾಗಿರುವುದಕ್ಕಿಂತ ನನ್ನ ದೇವರ ಮನೆಯ ಹೊಸ್ತಿಲಲ್ಲಿ ಕಾದಿರುವುದೇ ಲೇಸು ಎಂದು ಹಾಡಿದ್ದಾನೆ ಎಂದ. ಜ್ಞಾನವೆಂಬವಳೇ ಹೆಂಗಸಾಗಿ ಬಂದು, ದಿನವೂ ನನ್ನ ಬಾಗಿಲ ಬಳಿ ಕಾಯುವವನು ಧನ್ಯ ಎನ್ನುತ್ತಾಳಂತೆ. ಏಳನೆಯ ವರ್ಷ ಬಿಡುಗಡೆ ಸಿಕ್ಕರೂ ಒಡೆಯನನ್ನು ಬಿಟ್ಟು ಹೋಗಲಾರೆ ಎನ್ನುವ ಆಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚುತ್ತಿದ್ದರಂತೆ. ಆಮೇಲೆ ಅವನು ಸಾಯುವ ತನಕ ಆ ಮನೆಯವನು. ಕಾಯುವವನ ಅಹಂಕಾರ ಹೊಸ್ತಿಲಲ್ಲಿ ಸವೆಯುತ್ತದೆ, ಕಾಯಿಸುವವನು ಅವನ ಮೇಲೆ ಕೃಪೆ ಮಾಡುತ್ತಿರುತ್ತಾನೆ ಎಂದು ಅಳಿಯ ವಿವರಿಸಿದ. ಸಂಗನಬಸವಪ್ಪ ಕಣ್ಣು ಒರೆಸಿಕೊಂಡು, ಎಂಥಾ ಭಕ್ತಿ ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಂದಾ ಆಗ ಬಾಯಿ ತೆರೆದಳು. ಗಂಡನ ಬರಹವನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪು ಮಾಡಿ ಕೊಡುತ್ತಿದ್ದವಳು ಅವಳೇ. ಅದಕ್ಕಾಗಿ ಆ ಗ್ರಂಥವನ್ನೂ ಓದಿದ್ದಳು.

"ಅದರಾಗ ಇನ್ನೊಬ್ಬಾಕಿ ಅದಾಳಲ್ರಿ. ಗಂಡನ್ನ ಬಿಟ್ಟು ಸಿಟ್ಟೀಲೆ ತವರಿಗಿ ಬಂದಿದ್ಲು. ಗಂಡ ಕರಿಯಾಕ ಬಂದ. ಆಕಿ ಅಪ್ಪ ಅಳಿಯಗ ದಿನಾ ಉಣಿಸಿದ, ಇವತ್ತೊಂದಿನ ಇರ್ರಿ, ನಾಳಿಗಿ ಹೋಗ್ರಿ ಅಂದ. ಆಕಿನ್ನ ಯಾರೂ ಒಂದ ಮಾತು ಕೇಳಲಿಲ್ಲ. ದಾರ್ಯಾಗ ಒಂದೂರಾಗ ಅವರು ಇಳಕೊಂಡ ಮನಿ ಪುಂಡರು ಸುತ್ತಗಟ್ಟಿದಾಗ ಗಂಡ ಆಕಿನ್ನ ಹೊರಗ ನೂಕಿದ. ಬೆಳಕ ಹರಿಯೂದ್ರಾಗ ಆಕಿ ಹೊಸ್ತಿಲ ಮ್ಯಾಲ ಕೈ ಇಟ್ಟು ಸತ್ತು ಬಿದ್ದಿದ್ಲು. ಆಕಿ ಕಾದದ್ದಕ್ಕ ಏನ ಅರ್ಥರಿ?"

ಸಿದ್ದಲಿಂಗೇಶ ನಕ್ಕ. ಅದು ರಾಜನಿಲ್ಲದ ಕಾಲದ ಕಥೆ, ಅದಕ್ಕೆ ಆಧ್ಯಾತ್ಮಿಕ ಅರ್ಥ ಇಲ್ಲ, ಅದನ್ನು ಉಪನ್ಯಾಸದಲ್ಲಿ ಸೇರಿಸಿಲ್ಲ ಎಂದ. ಊಟದ ಹೊತ್ತಿನಲ್ಲಿ ಅಂಥ ಮಾತೇಕೆ ಎಂದು ಸಂಗನಬಸವಪ್ಪ ಮಗಳ ಕಡೆ ನೋಡದೆಯೇ ಅಳಿಯನ ತಾಟಿಗೆ ಮತ್ತೊಂದು ಹೋಳಿಗೆ ಹಾಕಿದ. ಆ ಮಾತು ತನ್ನ ಮೈಗೇ ಬಂತು ಎಂದು ಅವನಿಗೆ ತಿಳಿಯಲಿಲ್ಲವೆಂದು ನಾನು ಒಪ್ಪುವುದಿಲ್ಲ. ತಿಳಿಯದಿದ್ದರೆ ಅವಳ ಮುಖ ನೋಡಲು ಯಾಕೆ ಹೆದರಬೇಕಿತ್ತು?

ಸೋಮವಾರ ಹೊರಡುವುದೇ ಎಂದು ಅಳಿಯ ಹಟ ಹಿಡಿದ. ಓಣಿಯ ಅಯ್ಯನವರಾದ ಬಸಲಿಂಗಯ್ಯ ಪಂಚಾಂಗ ನೋಡಿ, ರಾಹುಕಾಲ ಹಿಡಿಯುವ ಮೊದಲೇ ಉಡಿ ತುಂಬಿ ಹೊಸ್ತಿಲು ದಾಟಿಸಿ, ಆಮೇಲೆ ಮಂಗಳವಾರ, ಹಿಂದೆಯೇ ಅಮಾವಾಸ್ಯೆ ಎಂದರು. ಬೆಳಿಗ್ಗೆ ರುದ್ರವ್ವ ಮಗಳನ್ನು ಮಣೆಯ ಮೇಲೆ ಕೂರಿಸಿ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಎಲೆ ಅಡಿಕೆ ಹಾಕಿ ಉಡಿ ತುಂಬಿದಳು. ಅವಳಿಗೆ ಮೆಟ್ಟಿಲ ಕಥೆಯೂ ಗೊತ್ತಿತ್ತು, ಬಸುರೂ ಗೊತ್ತಿತ್ತು. ಆದರೂ ತುಂಬಿದಳು.

"ಯವ್ವಾ, ಅಪ್ಪ ಒಂದ ಸಲ ಕೇಳಲಿ, ಹೋಗ್ತೀಯೇನು ಅಂತ," ನಂದಾ ಹೇಳಿದಳು. "ಅಷ್ಟ ಸಾಕು. ಹೋಗಂಗಿಲ್ಲ ಅಂತೀನಿ."

ಅಪ್ಪ ಕೇಳಲಿಲ್ಲ. ಅವನು ದನದ ಕೊಟ್ಟಿಗೆಯಲ್ಲಿ ಏನೋ ಕೆಲಸ ಹುಡುಕಿಕೊಂಡಿದ್ದ. ರುದ್ರವ್ವ ಮಗಳ ಕೈ ಹಿಡಿದು ಬಲಗಾಲಿಟ್ಟು ಹೊಸ್ತಿಲು ದಾಟಿಸಿದಳು. ಅಳಿಯ ಕಾರಿನ ಬಾಗಿಲು ತೆರೆದದ್ದೇ ತಡ, ಸಂಗನಬಸವಪ್ಪ ಹಿತ್ತಲಿಂದ ಓಡಿ ಬಂದ. ಇವತ್ತಿಗೆಂದೇ ಮತ್ತೆ ಹೂರಣ ಕುದಿಯಲಿಟ್ಟಿದೆ, ಎರಡು ಹೋಳಿಗೆ ಉಂಡು ಬಿಸಿಲು ಇಳಿದ ಮೇಲೆ ಹೋಗಿ ಎಂದ. ಮಗಳ ಗತಿ? ಉಡಿ ತುಂಬಿ ಹೊರಗೆ ಬಂದವಳು ಹೊರಗೇ ಕೂತಿರಲಿ, ಪ್ರಸ್ಥಾನ ಇಟ್ಟಂತಾಯಿತು ಎಂದ. ಒಳ್ಳೆಯ ಗಳಿಗೆಗೆ ಹೊರಡಲಾಗದಿದ್ದರೆ ನಮ್ಮ ಕಡೆ ಗಂಟನ್ನೋ ಚೀಲವನ್ನೋ ಹೊಸ್ತಿಲಾಚೆ ಇಡುತ್ತಾರೆ, ಪ್ರಯಾಣ ಶುರುವಾಯಿತೆಂದು ಲೆಕ್ಕ. ಸಂಗನಬಸವಪ್ಪ ಚೀಲದ ಬದಲು ಮಗಳನ್ನು ಇಟ್ಟ.

ಅಳಿಯ ಒಳಗೆ ಹೋದ. ಅವನಿಗೇನು, ಅವನಿಗೆ ಯಾರೂ ಉಡಿ ತುಂಬಿರಲಿಲ್ಲ. ಉಡಿ ತುಂಬಿದ ಮಗಳು ಹೊರಳಿ ತವರಿನೊಳಗೆ ಬಂದರೆ ಆ ಮನೆಯ ಕುಡಿಗೆ ಕೇಡು ಎಂಬುದು ಊರ ನಂಬಿಕೆ. ಒಳಗೆ ನಂದಾಳ ಅಣ್ಣನ ಹೆಂಡತಿ ಶೈಲಶ್ರೀ ದಿನ ತುಂಬಿದ ಬಸುರಿ, ಅಣ್ಣ ಸರಕಿನ ಜೊತೆ ಸಾಂಗ್ಲಿಗೆ ಹೋಗಿದ್ದ. ತನ್ನ ಕಾಲಿನಿಂದ ಆ ಮಗುವಿಗೆ ಏನಾದರೂ ಆದೀತು ಎಂದು ನಂದಾಳೇ ಹೆದರಿದಳು. ಒಂದು ದಾರಿ ಇತ್ತು. ಮನೆಯ ಯಜಮಾನ ತಾನಾಗಿ ಒಳಗೆ ಬಾ ಎಂದು ಕರೆದರೆ ದೋಷವೆಲ್ಲ ಅವನ ತಲೆಗೆ ಹೋಗುತ್ತದೆ, ಮಗುವಿಗೆ ಏನೂ ಇಲ್ಲ. ಒಂದೇ ಮಾತು. ನಂದಾ ಬಾಗಿಲ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ, ಉಡಿಯ ಗಂಟನ್ನು ಹೊಟ್ಟೆಗೆ ಅವುಚಿಕೊಂಡು, ಆ ಮಾತಿಗಾಗಿ ಕೂತಳು.

ಮನೆಯ ಬಾಗಿಲು ಪಡುವಣಕ್ಕೆ. ಮಧ್ಯಾಹ್ನ ತಿರುಗುತ್ತಿದ್ದಂತೆ ಬಿಸಿಲು ನೇರ ಕಟ್ಟೆಗೆ ಬಿತ್ತು. ಮೇಲೆ ತಗಡಿನ ಚಪ್ಪರ, ಕೆಳಗೆ ಕಾದ ಕಲ್ಲು. ನಮ್ಮ ಕಡೆಯ ಮೇ ತಿಂಗಳಲ್ಲಿ ನಾಯಿಯೂ ಹೊರಗೆ ಕೂರುವುದಿಲ್ಲ, ಗಟಾರದ ತಂಪು ಹುಡುಕುತ್ತದೆ. ಎದುರು ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುವ ಸಬೀರಾ ತಂಬಿಗೆಯಲ್ಲಿ ನೀರು ತಂದಳು. ನಂದಾಳ ತುಟಿ ಬೆಳ್ಳಗಾಗಿತ್ತು. ಹಣೆಯಲ್ಲಿ ಬೆವರಿತ್ತು, ಮುಟ್ಟಿದರೆ ತಣ್ಣಗೆ. ಕಿಬ್ಬೊಟ್ಟೆಯಲ್ಲಿ ಒಮ್ಮೆಲೆ ಕತ್ತರಿಸಿದಂತಾಯಿತು, ಈಗ ನೋವು ಹೆಗಲಿಗೆ ಏರಿದೆ ಎಂದಳು. ನಮ್ಮ ಮನೆಗೆ ಬಾ, ಫ್ಯಾನಿನ ಕೆಳಗೆ ಮಲಗು ಎಂದು ಸಬೀರಾ ಕರೆದಳು. ಉಡಿ ತುಂಬಿದವಳು ಗಂಡನ ಮನೆಯ ಹೊರತು ಬೇರೆ ಮನೆ ಹೊಗುವಂತಿಲ್ಲ.

"ಅಪ್ಪ ಕರೀತಾನ," ಎಂದಳು ನಂದಾ. "ನೋಡಾಕತ್ತಾನ ಅಂವಾ. ಪಡಸಾಲ್ಯಾಗಿಂದ ನನ್ನ ಸೀರಿ ಕಾಣತೈತಿ ಅಂವಗ."

ಸಬೀರಾ ಹಿತ್ತಲ ಬಾಗಿಲಿಗೆ ಓಡಿ ರುದ್ರವ್ವನಿಗೆ ಹೇಳಿದಳು. ರುದ್ರವ್ವ ಕಣಕ ಮೆತ್ತಿದ ಕೈಯಲ್ಲೇ ಪಡಸಾಲೆಗೆ ಬಂದಳು. ಅಳಿಯನ ಮುಂದೆ ಎಂದೂ ತಲೆಯ ಸೆರಗು ಜಾರಿಸದವಳು ಅಂದು ಬರಿತಲೆಯಲ್ಲಿ ನಿಂತಳು. ಸಂಗನಬಸವಪ್ಪ ತುಪ್ಪದ ಸೌಟು ಹಿಡಿದು ಬಗ್ಗಿದ್ದ.

"ಒಂದ ಮಾತು ಕರೀರಿ ಆಕಿನ್ನ," ಎಂದಳು. "ಹೊಟ್ಟೀಲೆ ಅದಾಳ. ನೋವು ತಿನ್ನಾಕತ್ತಾಳ. ಒಳಗ ಬಾ ಅನ್ರಿ."

ಬಸುರಿನ ಸುದ್ದಿ ಇಬ್ಬರು ಗಂಡಸರಿಗೂ ಆಗಲೇ ತಿಳಿದದ್ದು. ಸಂಗನಬಸವಪ್ಪನ ಮುಖ ಅರಳಿತು, ಆಮೇಲೆ ಬಾಡಿತು. ಬಾಗಿಲ ಕಡೆ ನೋಡಿದ. ಬಾಯಿ ತೆರೆದ ಎಂದು ರುದ್ರವ್ವ ಇವತ್ತಿಗೂ ಹೇಳುತ್ತಾಳೆ. ತೆರೆದವನು ಅಳಿಯನ ಕಡೆ ತಿರುಗಿದ.

"ಅಳಿಯಂದ್ರ, ನೀವೇನಂತೀರಿ? ಆಕಿ ಈಗ ನಿಮ್ಮ ಮನ್ಯಾಕಿ."

ಸಿದ್ದಲಿಂಗೇಶ ಹೋಳಿಗೆಯ ತುಂಡನ್ನು ತಾಟಿನಲ್ಲೇ ಬಿಟ್ಟ. ದನಿ ಏರಿಸಲಿಲ್ಲ. "ಮನಿ ನಿಮ್ಮದು, ಮಾವಾರ. ನೀವು ಕರದರ ನಾ ಬ್ಯಾಡ ಅನ್ನಂಗಿಲ್ಲ. ಆದರ ಉಡಿ ತುಂಬಿದಾಕಿನ್ನ ಹೊಳ್ಳಿ ಕರಕೊಂಡ್ರ, ನೀವು ಕಳಸಾಕ ಒಲ್ರಿ ಅಂತ ಅರ್ಥ. ಆಮ್ಯಾಲ ಆಕಿ ಇಲ್ಲೇ ಇರಲಿ. ನಾ ಮತ್ತ ಕರಿಯಾಕ ಬರಂಗಿಲ್ಲ."

ಈ ಜನ್ಮದಲ್ಲಿ ಸಂಗನಬಸವಪ್ಪನಿಗೆ ಅಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ. ಮಗಳೋ, ಮಗಳ ಮದುವೆಯೋ. ಹೂಂ ಅನ್ನಲೂ ಒಂದೇ ಮಾತು, ಉಹೂಂ ಅನ್ನಲೂ ಒಂದೇ ಮಾತು. ಅವನು ಎರಡನ್ನೂ ಅನ್ನದೆ ತುಪ್ಪ ಬಡಿಸಿದ. ಬಡಿಸಿ, ಊಟ ಮುಗಿಯಲಿ, ಹೊರಡುವ ಹೊತ್ತಿನಲ್ಲಿ ಹೆಣ್ಣುಮಕ್ಕಳ ಹೊಟ್ಟೆ ನೋಯುವುದು ಇದ್ದದ್ದೇ ಎಂದು ಹೆಂಡತಿಗೆ ಹೇಳಿದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಗಾದೆಯನ್ನು ಯಾರು ಕಟ್ಟಿದರೋ, ಅವರ ಬಾಯಿಗೆ ಮಣ್ಣು ಬೀಳಲಿ.

ರುದ್ರವ್ವ ಹೊರಗೆ ಹೋದಳು. ಅಜವಾನದ ನೀರು ಕುಡಿಸಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ರಕ್ತ ಹೋಗುತ್ತಿದೆಯೇ ಎಂದು ಕೇಳಿದಳು. ಇಲ್ಲ ಎಂದಾಗ ಅವಳಿಗೆ ಸ್ವಲ್ಪ ಧೈರ್ಯ ಬಂತು. ರಕ್ತ ಒಳಗೇ ಹೋಗುತ್ತಿತ್ತು, ಪಾಪ, ಅವಳಿಗೇನು ಗೊತ್ತು. ಮಗಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದರೆ ಯಾವ ಶಾಸ್ತ್ರ ಅಡ್ಡ ಬರುತ್ತಿತ್ತು ಎಂದು ನನಗೆ ಅವಳ ಮೇಲೂ ಸಿಟ್ಟಿದೆ. ಆದರೆ ಅವಳು ಯಜಮಾನಳಲ್ಲ. ಅವಳು ಕರೆದರೆ ಅದು ಕರೆದಂತಲ್ಲ. ಒಳಗೆ ಹೋಳಿಗೆ ಸೀಯುವ ವಾಸನೆ ಬಂದು ಎದ್ದು ಹೋದಳು.

ಊಟದ ಮೇಲೆ ಗಂಡಸರು ಕೂಲರ್ ಹಚ್ಚಿಕೊಂಡು ಅಡ್ಡಾದರು. ಅಳಿಯನಿಗೆ ನಿದ್ದೆ ಬಂತು. ಸಂಗನಬಸವಪ್ಪನಿಗೆ ಬರಲಿಲ್ಲ. ಕಟ್ಟೆಯ ಮೇಲಿನ ಹಸಿರು ಸೀರೆಯ ಅಂಚನ್ನೇ ನೋಡುತ್ತ ಮಲಗಿದ್ದನಂತೆ, ಮಗಳು ಚೌಕಟ್ಟಿಗೆ ತಲೆ ಆನಿಸಿ ಮಲಗಿದ್ದಾಳೆ ಎಂದು ಸಮಾಧಾನ ಮಾಡಿಕೊಂಡನಂತೆ, ಆಮೇಲೆ ಅವನೇ ಎಲ್ಲರ ಮುಂದೆ ಹೇಳಿದ.

ಚಹಾ ಕುಡಿದು ಸಿದ್ದಲಿಂಗೇಶ ಹೊರಗೆ ಬಂದ. ಕಾರಿನ ಕೀಲಿ ಕೈಯಲ್ಲಿತ್ತು.

"ಏಳು, ಹೋಗೂಣು," ಎಂದ.

ಮಾತಿಗೆ ಉತ್ತರ ಕೊಡದೆ ಇರುವುದನ್ನು ತವರಲ್ಲಿ ಕಲಿತಿದ್ದಾಳೆ ಎಂದು ಅವನು ಮಾವನಿಗೆ ಕೇಳುವಂತೆ ಹೇಳಿದ. ಎರಡನೆಯ ಸಲ ಹೇಳಿ ಭುಜ ಮುಟ್ಟಿದ. ತಲೆ ಚೌಕಟ್ಟಿನಿಂದ ಜಾರಿತು. ಸೆರಗು ಬಿಚ್ಚಿ ಉಡಿಯ ಅಕ್ಕಿ ಕಟ್ಟೆಯ ತುಂಬ ಚೆಲ್ಲಿತು.

ಸಂಗನಬಸವಪ್ಪ ಬರಿಗಾಲಲ್ಲಿ ಓಡಿ ಬಂದು ಅವಳ ಮುಂದೆ ಕುಸಿದ. "ಒಳಗ ಬಾರವ್ವಾ," ಎಂದ. "ನಂದಾ, ಒಳಗ ಬಾ. ನಾನ ಕರಿಯಾಕತ್ತೇನಿ, ನಿಮ್ಮಪ್ಪ. ಒಳಗ ಬಾ." ಬೆಳಗಿನಿಂದ ಹೊರಡದ ಮಾತು ಈಗ ನಿಲ್ಲದೆ ಹೊರಟಿತು. ಓಣಿಯ ಮಂದಿಯೆಲ್ಲ ಕೇಳಿದರು. ಕೇಳಬೇಕಾದವಳು ಕೇಳಲಿಲ್ಲ.

ವಿಜಯಪುರದ ಆಸ್ಪತ್ರೆಗೆ ಒಯ್ದರು. ಜೀವ ಆಗಲೇ ಹೋಗಿತ್ತು. ಬಸಿರು ಗರ್ಭದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿತ್ತು, ಒಡೆದು ರಕ್ತವೆಲ್ಲ ಹೊಟ್ಟೆಯೊಳಗೆ ತುಂಬಿದೆ, ಮಧ್ಯಾಹ್ನವೇ ತಂದಿದ್ದರೆ ಉಳಿಯುತ್ತಿದ್ದಳು ಎಂದು ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರು ಹೇಳಿದರು. ಸಿದ್ದಲಿಂಗೇಶ ಬಬಲೇಶ್ವರಕ್ಕೆ ಫೋನು ಮಾಡಿದ. ಅವನ ತಾಯಿಯ ದನಿ ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು. ಉಡಿ ತುಂಬಿಸಿಕೊಂಡವಳು ನಮ್ಮ ಹೊಸ್ತಿಲು ತುಳಿದಿಲ್ಲ, ಅವರ ಕಟ್ಟೆಯ ಮೇಲೆ ಸತ್ತಿದ್ದಾಳೆ, ಮಣ್ಣು ಅಲ್ಲೇ ಆಗಲಿ, ಇಲ್ಲಿಗೆ ತರಬೇಡ ಎಂದಳು. ತಾಯಿಯ ಮಾತು ಮೀರಲಾರೆ ಎಂದು ಅವನು ತಲೆ ತಗ್ಗಿಸಿದ.

ಹೊತ್ತು ಮುಳುಗುವಾಗ ಹೆಣ ತಿಕೋಟಾಕ್ಕೆ ಬಂತು. ಓಣಿಯ ಹೆಂಗಸರು ನೆರೆದಿದ್ದರು. ಮುತ್ತೈದೆ ಸಾವು, ಅದೂ ಉಡಿ ತುಂಬಿದ ಸಾವು, ಯಾರಿಗುಂಟು, ಪುಣ್ಯವಂತೆ ಎಂದು ಒಬ್ಬಳು ಶುರು ಮಾಡಿದಳು, ಉಳಿದವರು ಹೂಂಗುಟ್ಟಿದರು. ಸಬೀರಾ ಅವರ ಮುಖಕ್ಕೆ ಬೆನ್ನು ಹಾಕಿ ನಿಂತಳು. ರುದ್ರವ್ವ ಕಟ್ಟೆಯ ಮೇಲಿನ ಅಕ್ಕಿ ಕಾಳುಗಳನ್ನು ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಕೈ ಹಿಡಿಯಲು ಯಾರಿಗೂ ಆಗಲಿಲ್ಲ.

ಸಂಗನಬಸವಪ್ಪ ಯಾರನ್ನೂ ಮುಟ್ಟಗೊಡದೆ ಮಗಳನ್ನು ತಾನೇ ಎರಡು ಕೈಯಲ್ಲಿ ಎತ್ತಿಕೊಂಡ. ಇನ್ನು ಯಾರನ್ನು ಕೇಳುವುದು ಉಳಿದಿತ್ತು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚುತ್ತೇನೆ ಎನ್ನುತ್ತ ಬಾಗಿಲಿಗೆ ಬಂದ. ಒಂದು ಕಾಲನ್ನು ಹೊಸ್ತಿಲೊಳಗೆ ಇಟ್ಟ.

ಕಟ್ಟೆಯ ಕೆಳಗಿನಿಂದ ಬಸಲಿಂಗಯ್ಯ ಕೆಮ್ಮಿದರು. ಲಿಂಗವಂತರಾದ ನಮಗೆ ಸೂತಕವಿಲ್ಲ ಎಂದು ಮದುವೆ ಮನೆಗಳಲ್ಲೆಲ್ಲ ಹೇಳುವವರು ಅವರೇ. ಹೊರಗೆ ಹೋದ ಜೀವ, ಹೆಣವನ್ನು ಒಳಗೆ ತರುವ ರೂಢಿ ಇಲ್ಲ ಎಂದರು. ಒಳಗೆ ದಿನ ತುಂಬಿದ ಸೊಸೆ ಇದ್ದಾಳೆ, ಮುಂದಿನದು ನಿನಗೆ ಬಿಟ್ಟದ್ದು, ಕೂಡದು ಎಂದು ನಾನು ಹೇಳುವುದಿಲ್ಲ ಎಂದರು.

ರುದ್ರವ್ವ ತಲೆ ಎತ್ತಿದಳು. ಆ ಕ್ಷಣದಲ್ಲಿ ಅವನು ಇನ್ನೊಂದು ಕಾಲನ್ನೂ ಒಳಗಿಟ್ಟಿದ್ದರೆ ಅವನನ್ನು ತಡೆಯುವವರು ಅಲ್ಲಿ ಯಾರೂ ಇರಲಿಲ್ಲ. ಸಂಗನಬಸವಪ್ಪ ತೋಳಿನಲ್ಲಿದ್ದ ಮಗಳ ಮುಖ ನೋಡಿದ, ಒಳಗಿನ ಕತ್ತಲೆ ನೋಡಿದ. ಆಮೇಲೆ ಅಯ್ಯನವರ ಕಡೆ ತಿರುಗಿದ.

"ಹಂಗಾರ ಏನ ಮಾಡೂಣ್ರಿ, ಅಯ್ಯಾರ? ನೀವ ಹೇಳ್ರಿ," ಎಂದ.

ಅಯ್ಯನವರು ನಿನಗೆ ಬಿಟ್ಟದ್ದು ಎಂದು ಮತ್ತೆ ಅಂದರು. ಸ್ವಲ್ಪ ಹೊತ್ತು ಕಾದು ಸಂಗನಬಸವಪ್ಪ ಒಳಗಿಟ್ಟಿದ್ದ ಕಾಲನ್ನು ಹೊರಗೆ ತೆಗೆದ.